ಪ್ರವಾಸಗ್ರಂಥಗಳಲ್ಲಿ ಅಧಿಕಾರಿವಿಚಾರ: ಎಳೆಯರೊಡನೆ ಲಂಡನ್ ನಗರ

ಗ್ರಂಥಾರಂಭದಲ್ಲಿಯೇ ನಾಲ್ಕು ಸಂಗತಿಗಳನ್ನು ಸ್ಪಷ್ಟಪಡಿಸತಕ್ಕದ್ದೆಂದು ಪ್ರಾಚೀನ ಶಾಸ್ತ್ರಕಾರರು ವಿಧಿಸಿರುವರು. ವಿಷಯವಾವುದು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೆಂತಹುದು, ಓದತಕ್ಕ ಅಧಿಕಾರಿ ಯಾರು ಎಂಬಿವೇ ಆ ನಾಲ್ಕು. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ವೇದಾಂತಪ್ರಕರಣಗಳಿಗೆ ಮಾತ್ರ ಸಲ್ಲುವ ನಿಯಮವೆಂದು ಇದನ್ನು ಮೂಲೆಗೊತ್ತುವುದು ಸರಿಯಲ್ಲ. ಪಾಕಶಾಸ್ತ್ರದ ಹೊತ್ತಗೆಗೂ, ಪರದೇಶದ ಪಟ್ಟಣವನ್ನು ನೋಡಹೋಗುವವರಿಗಾಗಿ ಬರೆದ ಮಾರ್ಗದರ್ಶಿಗೂ ಇದು ಸಮನಾಗಿಯೇ ಸಲ್ಲುತ್ತದೆ. ಈ ಎರಡನೆಯ ಜಾತಿಯ ಪುಸ್ತಕಗಳಲ್ಲಿ ವಿಷಯವೂ ಪ್ರಯೋಜನವೂ ಮೊದಲ ಪುಟದಲ್ಲಿಯೇ ತಾರಸ್ವರದಿಂದ ಘೋಷಿತವಾಗಿರುತ್ತವೆ. ಅಧಿಕಾರಿಯ ವಿಚಾರದಲ್ಲಿ ಮಾತ್ರ ಗ್ರಂಥಕರ್ತರು ಮೌನವನ್ನು ತಾಳುತ್ತಾರೆ. ಮೌನವಿದ್ದಲ್ಲಿ ಒಬ್ಬ ಅಧಿಕಾರಿಯು ತಾನಾಗಿ ಊಹಿತನಾಗುವನು. ಅವನು ಪ್ರಾಯದವನು, ಎರಡು ಕೈಗಳೂ ಬರಿದಾಗಿರುವವನು, ಹಸಿವನ್ನು ಒಂದು ತಾಸು ತಡೆಯಬಲ್ಲವನು, ಯಾರನ್ನೂ ಎತ್ತಿಕೊಳ್ಳಬೇಕಾಗಿಲ್ಲದವನು.

ಈಚಿನ ವರ್ಷಗಳಲ್ಲಿ ಕನ್ನಡನಾಡಿನ ವಿದ್ಯಾವಂತ ಮನೆತನಗಳವರು ಎಳೆಯ ಮಕ್ಕಳನ್ನು ಕರೆದುಕೊಂಡು ಸಿಂಗಪುರಕ್ಕೂ ಲಂಡನ್ನಿಗೂ ವಿಹಾರಾರ್ಥವಾಗಿ ಹೋಗಿಬರುವುದು ಅಪೂರ್ವವಾಗಿ ಉಳಿದಿಲ್ಲ. ಹೊರಡುವುದಕ್ಕೆ ತಿಂಗಳುಗಳ ಮೊದಲೇ ಯೋಜನೆಯು ಆರಂಭವಾಗುತ್ತದೆ. ಪುಸ್ತಕಗಳನ್ನು ತರಿಸುತ್ತಾರೆ, ಪಟ್ಟಿಗಳನ್ನು ಬರೆಯುತ್ತಾರೆ. ಹಾಗೆ ತರಿಸಿದ ಪುಸ್ತಕಗಳಲ್ಲಿ ಮಕ್ಕಳಿಗಿರುವ ಸ್ಥಾನವೆಲ್ಲಿ ಎಂದು ಹುಡುಕಿದರೆ, ಬಹುಮಟ್ಟಿಗೆ ಕಡೆಯ ಪ್ರಕರಣಗಳಲ್ಲಿ, ನಾಣ್ಯವಿನಿಮಯದ ಆಚೆಗೆ, ಆಸ್ಪತ್ರೆಗಳ ಈಚೆಗೆ ಎರಡು ಪುಟಗಳು ದೊರೆಯುತ್ತವೆ. ಗ್ರಂಥದ ವಿನ್ಯಾಸವು ಗ್ರಂಥಕಾರನ ಮನಸ್ಸಿನ ವಿನ್ಯಾಸವನ್ನು ತೋರಿಸುವುದಾದರೆ, ಮಗುವು ಅವನ ಮನಸ್ಸಿನಲ್ಲಿ ಪ್ರವಾಸಿಯಲ್ಲ. ಪ್ರವಾಸಿಗೆ ಒದಗಬಹುದಾದ ಅನನುಕೂಲಗಳಲ್ಲಿ ಒಂದು.

ಈ ಗ್ರಂಥಜಾತಿಯ ಮೂಲಪುರುಷರಲ್ಲಿ ಮುಖ್ಯನಾದವನು ಜರ್ಮನಿಯ ಕಾರ್ಲ್ ಬೇಡೆಕರ್. 1827ರಲ್ಲಿ ಕೊಬ್ಲೆಂಟ್ಸ್ ಪಟ್ಟಣದಲ್ಲಿ ಪುಸ್ತಕವ್ಯಾಪಾರವನ್ನು ಆರಂಭಿಸಿದ ಈತನ ಹೆಸರು, ಕೆಂಪು ರಟ್ಟಿನ ಅವನ ಮನೆತನದ ಪುಸ್ತಕಗಳ ದೆಸೆಯಿಂದ, ಮಾರ್ಗದರ್ಶಿಗೇ ಪರ್ಯಾಯಪದವಾಗಿ ನಿಂತಿತು. ಲಂಡನ್ನನ್ನು ಕುರಿತ ಇಂಗ್ಲಿಷ್ ಬೇಡೆಕರ್ 1878ರಲ್ಲಿ ಹೊರಬಂದಿತು. ನೋಡತಕ್ಕ ವಸ್ತುಗಳ ಪಕ್ಕದಲ್ಲಿ ನಕ್ಷತ್ರಚಿಹ್ನೆಯನ್ನಿಟ್ಟು ಅವುಗಳ ತಾರತಮ್ಯವನ್ನು ಸೂಚಿಸುವ ಪದ್ಧತಿಯನ್ನು ಲೋಕದಲ್ಲಿ ಬಳಕೆಗೆ ತಂದ ಕೀರ್ತಿಯೂ ಈ ಮನೆತನಕ್ಕೇ ಸಲ್ಲತಕ್ಕದ್ದು. ಆ ಪುಸ್ತಕಗಳ ನಿಷ್ಕೃಷ್ಟತೆ ಶ್ಲಾಘನೀಯವಾದುದು. ವಾಕ್ಯಗಳಲ್ಲಿ ಆಡಂಬರವಿಲ್ಲ, ಸಂಖ್ಯೆಗಳಲ್ಲಿ ಅಲಕ್ಷ್ಯವಿಲ್ಲ. ಆದರೆ ನಕ್ಷತ್ರದ ಪರಿಣಾಮವನ್ನು ಮಾತ್ರ ವಿಚಾರಿಸಬೇಕಾಗಿದೆ. ಕನ್ನಡಿಗರಿಗೆ ಇದು ಹೊಸದೇನಲ್ಲ. ಸ್ಥಳಪುರಾಣಗಳ ಕೊನೆಯಲ್ಲಿ ಬರುವ ಫಲಶ್ರುತಿಯೇ ಇದು. ಈ ತೀರ್ಥದಲ್ಲಿ ಮಿಂದರೆ ಇಷ್ಟು ಪುಣ್ಯ, ಆ ಶಿಖರವನ್ನು ಕಂಡರೆ ಅದರ ಇಮ್ಮಡಿ. ಮೀಮಾಂಸಕರು ಇಂತಹ ಮಾತುಗಳನ್ನು ಅರ್ಥವಾದವೆಂದು ಕರೆದು, ಸ್ತುತಿಯಲ್ಲಿ ತಾತ್ಪರ್ಯವುಳ್ಳವೆಂದು ಹೇಳಿ, ಸ್ವತಂತ್ರ ವಿಧಿಯ ಬಲವನ್ನು ಅವಕ್ಕೆ ಕೊಡಲಿಲ್ಲ. ಯಾತ್ರಿಕರು ಮಾತ್ರ ಅಂದಿನಿಂದ ಇಂದಿನವರೆಗೆ ಅರ್ಥವಾದವನ್ನು ವಿಧಿಯೆಂದೇ ತಿಳಿದು ಓಡುತ್ತಿರುವರು. ಐದು ದಿವಸಗಳಲ್ಲಿ ಇಪ್ಪತ್ತು ನಕ್ಷತ್ರಗಳನ್ನು ಮುಗಿಸಿದ ತಂದೆಗೆ ತೃಪ್ತಿಯುಂಟಾಗುವುದು ಸಹಜ. ಅವನ ಕೈಹಿಡಿದು ಓಡಿದ ಐದು ವರ್ಷದ ಮಗಳಿಗೆ ಆ ನಕ್ಷತ್ರಗಳಲ್ಲಿ ಒಂದೂ ಕಾಣಿಸಿರುವುದಿಲ್ಲ. ಅವಳ ಕಣ್ಣಿನ ಎತ್ತರಕ್ಕೆ ಕಂಡದ್ದು ದೊಡ್ಡವರ ನಡುಪಟ್ಟಿಗಳೂ ಕೈಚೀಲಗಳೂ ಅಷ್ಟೆ.

ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರನು 1908ರಲ್ಲಿ ಪ್ರಕಟಿಸಿದ 'ಎ ರೂಮ್ ವಿತ್ ಎ ವ್ಯೂ' ಎಂಬ ಕಥಾಗ್ರಂಥದಲ್ಲಿ ಈ ವಿಷಯಕ್ಕೆ ಸಾಕ್ಷಿಯಾದ ಸನ್ನಿವೇಶವೊಂದುಂಟು. ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದೊಳಗೆ ನಾಯಿಕೆಯು ತನ್ನ ಬೇಡೆಕರ್ ಇಲ್ಲದೆ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಯಾವ ಗೋರಿ ಸುಂದರ, ಯಾವ ಚಿತ್ರ ಪ್ರಶಸ್ತ ಎಂಬುದನ್ನು ಹೇಳುವವರಿಲ್ಲದೆ ಮೊದಲು ದಿಗ್ಭ್ರಮೆಗೊಂಡವಳು ಬರಬರುತ್ತ ಅಲ್ಲಿದ್ದ ಜನರನ್ನು ನೋಡತೊಡಗುತ್ತಾಳೆ. ಆಗ ಒಂದು ಪುಟ್ಟ ಹುಡುಗನು ಬಿಷಪನೊಬ್ಬನ ಗೋರಿಗಲ್ಲಿಗೆ ಎಡವಿ ಬೀಳುತ್ತಾನೆ. ಅವನನ್ನೆತ್ತಿದ ವೃದ್ಧನೊಬ್ಬನು ಬಿಷಪನನ್ನೇ ಬೈದು, ಹೊರಗಿನ ಬಿಸಿಲೇ ನಿನಗೆ ತಕ್ಕ ಸ್ಥಳವೆಂದು ಮಗುವಿಗೆ ಹೇಳುತ್ತಾನೆ. ಹಾಸ್ಯದ ಸನ್ನಿವೇಶವೆಂದು ಓದಿ ದಾಟಬಹುದು. ಆದರೆ ದೊಡ್ಡವರಿಗೆ ನಕ್ಷತ್ರಚಿಹ್ನಿತವಾದ ಕಲ್ಲು ಎಳೆಯರಿಗೆ ಎಡವುಗಲ್ಲಾಗಬಹುದೆಂಬುದನ್ನು ಇಷ್ಟು ಸಂಕ್ಷೇಪವಾಗಿ ತೋರಿಸಿದ ಸ್ಥಳ ಬೇರೆ ದೊರೆಯುವುದು ಕಷ್ಟ.

ಕನ್ನಡದ ಪ್ರವಾಸಸಾಹಿತ್ಯವಾದರೂ ಈ ಕೊರತೆಯನ್ನು ತುಂಬಿಕೊಟ್ಟಿದೆಯೇ? ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ' ಮೊದಲಾದುವು ತಂತಮ್ಮ ಮಟ್ಟಿಗೆ ಬೆಲೆಯುಳ್ಳ ಕೃತಿಗಳು. ಅವುಗಳಲ್ಲಿ ನೋಡುವ ಕಣ್ಣು ಪ್ರೌಢವಾದುದು, ಅಲೆಯುವ ಕಾಲು ಸ್ವತಂತ್ರವಾದುದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ವೃದ್ಧಾಪ್ಯದಲ್ಲಿ ಕಂಡು ಬರೆದ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಅಮೆರಿಕಾದಲ್ಲಿ ಗೊರೂರು' ಎಂಬ ಗ್ರಂಥದಲ್ಲಿ ಗೃಹಸ್ಥಜೀವನದ ಸೊಗಸು ಹೇರಳವಾಗಿದ್ದರೂ, ನೋಡುವವರು ಹಿರಿಯರೇ. ಇದು ದೋಷವಲ್ಲ, ಆ ಕೃತಿಗಳ ಅಧಿಕಾರಿಯೇ ಬೇರೆ. ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಹೋಗುವ ಗೃಹಸ್ಥನಿಗೆ ಅವು ಆನಂದವನ್ನು ಕೊಟ್ಟಾವು, ದಾರಿಯನ್ನು ಕೊಡಲಾರವು.

ಹೀಗಿರುವಲ್ಲಿ ಮಿರೊಸ್ಲಾವ್ ಶಾಶೆಕ್ ಎಂಬ ಚೆಕ್ ಚಿತ್ರಕಾರನ 'ದಿಸ್ ಈಸ್ ಲಂಡನ್' ಎಂಬ ಚಿತ್ರಪುಸ್ತಕವು ಗಮನಕ್ಕೆ ಅರ್ಹವಾದುದು. ಈತನು 1916ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ, ವಾಸ್ತುವಿದ್ಯೆಯನ್ನು ಕಲಿತು, 1948ರಲ್ಲಿ ಸ್ವದೇಶದ ರಾಜ್ಯವ್ಯವಸ್ಥೆ ಮಾರ್ಪಟ್ಟಾಗ ದೇಶತ್ಯಾಗ ಮಾಡಿದವನು, 1980ರಲ್ಲಿ ತೀರಿಕೊಂಡನು. ಪ್ಯಾರಿಸಿಗೆ ವಿಹಾರಕ್ಕೆ ಹೋಗಿದ್ದಾಗ, ತಂದೆತಾಯಿಗಳು ನೋಟಗಳ ಅವಸರದಲ್ಲಿ ಮುಳುಗಿರುವುದನ್ನೂ ಜೊತೆಯ ಮಕ್ಕಳಿಗೆ ನಗರವನ್ನು ವಿವರಿಸುವವರು ಯಾರೂ ಇಲ್ಲದಿರುವುದನ್ನೂ ಕಂಡು, ಮಕ್ಕಳಿಗೇ ಒಂದು ಮಾರ್ಗದರ್ಶಿಯನ್ನು ಬರೆಯುವ ಯೋಚನೆ ಅವನಿಗೆ ಬಂದಿತು. ಪ್ಯಾರಿಸ್, ಲಂಡನ್, ರೋಮ್ ಎಂಬ ಮೂರು ಪುಸ್ತಕಗಳಿಗೆ ಸಂಕಲ್ಪಿಸಿ 1959ರಲ್ಲಿ ಮೊದಲೆರಡನ್ನು ಪ್ರಕಟಿಸಿದನು. ಜನಾದರಣೆಯಿಂದ ಮಾಲೆಯು ಬೆಳೆದು ನ್ಯೂಯಾರ್ಕ್, ವೆನಿಸ್, ಹಾಂಗ್‌ಕಾಂಗ್ ಮೊದಲಾದ ಸ್ಥಳಗಳಿಗೂ ವ್ಯಾಪಿಸಿತು. ದೇಶವನ್ನು ಕಳೆದುಕೊಂಡವನೊಬ್ಬನು ಪರರ ನಗರಗಳನ್ನು ಪರರ ಮಕ್ಕಳಿಗಾಗಿ ಇಷ್ಟು ಪ್ರಸನ್ನವಾಗಿ ಬರೆದನೆಂಬುದು ವಿಚಾರಯೋಗ್ಯವಾದ ಸಂಗತಿ. ಹೊಸಬನ ಕಣ್ಣು ಅವನಿಗೆ ಅಭಿನಯವಾಗಿರಲಿಲ್ಲ.

ಪುಸ್ತಕದ ಆರಂಭವೇ ಚಮತ್ಕಾರಯುಕ್ತವಾಗಿದೆ. ಲಂಡನ್ ಎಂದು ಹೇಳಿ ಲಂಡನ್ನನ್ನು ತೋರಿಸದೆ, ಮಂಜಿನ ಬೂದುಬಣ್ಣವನ್ನು ಮಾತ್ರ ತೋರಿಸುತ್ತಾನೆ; ಅನಂತರ ತೆರೆ ಸರಿದಂತೆ ನಗರವು ಕಾಣಿಸಿಕೊಳ್ಳುತ್ತದೆ. ನಾಂದಿಯಾದ ಮೇಲೆ ಯವನಿಕೆ ಸರಿಯುವ ನಾಟಕಕ್ರಮವನ್ನು ಬಲ್ಲವರು ಇದರ ಔಚಿತ್ಯವನ್ನು ಮೆಚ್ಚದಿರಲಾರರು. ಮುಂದೆ ಕೆಂಪು ಬಸ್ಸುಗಳು, ಕುದುರೆಯ ಮೇಲಿನ ಕಾವಲುಭಟರು, ಪೋಲೀಸಿನವರು, ಸುರಂಗರೈಲು ಇವೆಲ್ಲ ಬರುತ್ತವೆ. ಅರಮನೆಗೂ ಬಸ್ಸಿಗೂ ಇಲ್ಲಿ ತಾರತಮ್ಯವಿಲ್ಲ, ನಕ್ಷತ್ರವಿಲ್ಲ. ಮಗುವಿನ ದೃಷ್ಟಿಯಲ್ಲಿ ಆಶ್ಚರ್ಯದ ಹೊರತು ಬೇರೆ ವರ್ಣಾಶ್ರಮವಿಲ್ಲವೆಂಬುದನ್ನು ಗ್ರಂಥಕರ್ತನು ಚೆನ್ನಾಗಿ ಅರಿತಿದ್ದನು. ವಾಕ್ಯಗಳು ಚಿಕ್ಕವು, ಹಾಸ್ಯವು ನಯವಾದುದು, ಪುಟವು ಉದ್ದವಾಗಿರುವುದರಿಂದ ಗೋಪುರಗಳು ಗೋಪುರಗಳಂತೆಯೇ ನಿಲ್ಲುತ್ತವೆ.

ದೋಷಗಳನ್ನೂ ಹೇಳತಕ್ಕದ್ದು. ಹಾಸ್ಯವು ಕೆಲವೆಡೆ ಮಗುವಿನ ತಲೆಯ ಮೇಲಿಂದ ಹಾದು ಹಿಂದೆ ನಿಂತ ತಂದೆಯನ್ನು ಮುಟ್ಟುತ್ತದೆ. ಆ ಪ್ರಸಿದ್ಧವಾದ ಮಂಜಿನ ಪುಟವೂ ಅಚ್ಚಾಗುವ ವೇಳೆಗೇ ಇತಿಹಾಸಕ್ಕೆ ಸೇರತೊಡಗಿತ್ತು. 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಬಲಿಗೊಂಡ ಹೊಗೆಮಂಜಿನ ಅನಂತರ 1956ರಲ್ಲಿ ವಾಯುಶುದ್ಧಿಯ ಶಾಸನವಾಗಿ, ಕಲ್ಲಿದ್ದಲಿನ ಹೊಗೆ ಕ್ರಮೇಣ ಇಳಿಯಿತು. ಈ ಶತಮಾನದ ಆರಂಭದಲ್ಲಿ ಮಾಲೆಯನ್ನು ಮರುಮುದ್ರಿಸಿದ ಪ್ರಕಾಶಕರು ಮೂಲಪಾಠವನ್ನು ತಿದ್ದದೆ, ಮಾರ್ಪಟ್ಟ ಸಂಗತಿಗಳನ್ನು ಕಡೆಯಲ್ಲಿ ಪ್ರತ್ಯೇಕವಾಗಿ ಕೊಟ್ಟಿರುವರು. ಹಳೆಯ ಗ್ರಂಥಕ್ಕೆ ಟಿಪ್ಪಣಿ ಬರೆಯುವ ಈ ಮರ್ಯಾದೆ ಸಂತೋಷಕರವಾದುದು. ಮುಖ್ಯವಾದ ಕೊರತೆ ಬೇರೊಂದುಂಟು. ಶಾಶೆಕನ ಲಂಡನ್ನಿನಲ್ಲಿ ಎಲ್ಲವೂ ಪುಟ ತಿರುವಿದರೆ ದೊರೆಯುತ್ತದೆ. ಒಂದು ನೋಟದಿಂದ ಇನ್ನೊಂದಕ್ಕೆ ದೂರವಿಲ್ಲ, ನಡುವೆ ಆಯಾಸವಿಲ್ಲ. ಆತನು ಮಗುವಿನ ಕಣ್ಣನ್ನು ಬಲ್ಲನು, ಕಾಲನ್ನು ಮರೆತನು.

ಕಾಲನ್ನು ಮರೆಯದ ಮಾರ್ಗದರ್ಶಿಯೊಂದು ಸಂಸ್ಕೃತದಲ್ಲಿ ಬಹು ಹಿಂದೆಯೇ ಹುಟ್ಟಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಕಾಳಿದಾಸನ 'ಮೇಘದೂತ'ದ ಪೂರ್ವಾರ್ಧವು ವಿರಹಕಾವ್ಯವೆಂದು ಪ್ರಸಿದ್ಧವಾದರೂ, ಅದರ ಶರೀರವು ಪ್ರಯಾಣದ ಯೋಜನೆಯೇ. ಯಕ್ಷನು ಮೇಘಕ್ಕೆ ದಾರಿಯನ್ನು ಹೇಳುವಾಗ ಏನನ್ನು ನೋಡಬೇಕೆಂಬುದರಷ್ಟೇ ಎಚ್ಚರದಿಂದ ಎಲ್ಲಿ ದಣಿವಾರಿಸಿಕೊಳ್ಳಬೇಕೆಂಬುದನ್ನೂ ಹೇಳುತ್ತಾನೆ. ಬಳಲಿದಾಗ ಶಿಖರದ ಮೇಲೆ ಕಾಲಿಡು, ಮಳೆಗರೆದು ಬರಿದಾದಾಗ ನದಿಯ ನೀರನ್ನು ಕುಡಿ ಎಂದು ಉಪದೇಶ. ಉತ್ತರಕ್ಕೆ ಹೋಗುವವನಿಗೆ ಉಜ್ಜಯಿನಿಯು ಅಡ್ಡದಾರಿಯೆಂದು ಒಪ್ಪಿಕೊಂಡೇ ಅಲ್ಲಿಗೆ ಹೋಗೆನ್ನುತ್ತಾನೆ. ಇನ್ನೂ ಸ್ವಾರಸ್ಯವಾದುದೆಂದರೆ, ಮೇಘವು ಒಂಟಿಯಲ್ಲ; ಮಿಂಚೆಂಬ ಪತ್ನಿಯು ಸಂಗಡವಿರುವಳು. ಬಹಳ ಹೊತ್ತು ಹೊಳೆದು ಅವಳು ಸೋತಿರುವಳಾದ್ದರಿಂದ, ಪಾರಿವಾಳಗಳು ಮಲಗಿರುವ ಮಹಡಿಯೊಂದರ ಮೇಲೆ ರಾತ್ರಿಯನ್ನು ಕಳೆದು, ಸೂರ್ಯನು ಕಂಡ ಮೇಲೆ ಮುಂದಿನ ದಾರಿ ಹಿಡಿಯೆಂದು ಸೂಚನೆ. ಜೊತೆಯವರ ಬಳಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ತಂಗುದಾಣವನ್ನು ಗೊತ್ತುಮಾಡುವ ಈ ವಿವೇಕವು, ವಿರಹದಿಂದ ಚೇತನಾಚೇತನ ವಿವೇಚನೆಯನ್ನೇ ಕಳೆದುಕೊಂಡ ಯಕ್ಷನಲ್ಲಿರುವಾಗ, ಸಾವಧಾನಚಿತ್ತರಾದ ಆಧುನಿಕ ಮಾರ್ಗದರ್ಶಿಗಳಲ್ಲಿ ಇಲ್ಲದಿರುವುದು ಶೋಚನೀಯ.

ಈ ಔಚಿತ್ಯವನ್ನು ಲಂಡನ್ನಿಗೆ ಅನ್ವಯಿಸಿ ನೋಡಬಹುದು. ಮೊದಲು ಕಾಲವಿಚಾರ. ಭಾರತಕ್ಕಿಂತ ಲಂಡನ್ನಿನ ಗಡಿಯಾರವು ಬೇಸಗೆಯಲ್ಲಿ 4½ ಗಂಟೆ, ಚಳಿಗಾಲದಲ್ಲಿ 5½ ಗಂಟೆ ಹಿಂದೆ ಇರುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಆರೂವರೆಗೆ ಏಳುವ ಮಗುವಿನ ದೇಹಕ್ಕೆ ಬೇಸಗೆಯ ಲಂಡನ್ನಿನ ನಡುರಾತ್ರಿಯ ಎರಡು ಗಂಟೆಯೇ ಬೆಳಗು. ಅಲ್ಲಿಯ ಸಂಜೆಯ ಆರು ಗಂಟೆಯೆಂದರೆ ಅದರ ಪಾಲಿಗೆ ರಾತ್ರಿ ಹತ್ತೂವರೆ. ಮೊದಲ ಕೆಲವು ದಿವಸಗಳಲ್ಲಿ ಮುಂಜಾನೆಯೇ ಆ ಕುಟುಂಬದ ಐಶ್ವರ್ಯ. ಸಂಜೆಯು ಕೇವಲ ಸಾಲ. ಆದರೆ ಪುಸ್ತಕಗಳು ಸಂಜೆಯ ನಾಟಕಶಾಲೆಗಳನ್ನೂ ದೀಪಾಲಂಕೃತವಾದ ಥೇಮ್ಸ್ ನದಿಯನ್ನೂ ವರ್ಣಿಸಿ, ಮುಂಜಾವಿನ ಬಗ್ಗೆ ಹತ್ತು ಗಂಟೆಗೆ ವಸ್ತುಸಂಗ್ರಹಾಲಯಗಳು ತೆರೆಯುತ್ತವೆ ಎಂಬಷ್ಟನ್ನು ಹೇಳಿ ಸುಮ್ಮನಾಗುತ್ತವೆ. ಎದ್ದ ಮಗುವನ್ನು ಹತ್ತು ಗಂಟೆಯವರೆಗೆ ಏನು ಮಾಡಬೇಕು? ಕೆನ್ಸಿಂಗ್ಟನ್ ಉದ್ಯಾನದ ಬಾಗಿಲು ಬೆಳಗ್ಗೆ ಆರಕ್ಕೇ ತೆರೆಯುತ್ತದೆ. ಜೂನ್ ತಿಂಗಳಲ್ಲಿ ಐದಕ್ಕೆ ಮೊದಲೇ ಸೂರ್ಯೋದಯವಾಗಿರುತ್ತದೆ. ಅಲ್ಲಿ ಹಂಸಗಳುಂಟು, ಬಾತುಗಳುಂಟು, ಓಡುವುದಕ್ಕೆ ಹುಲ್ಲುಂಟು, ಶುಲ್ಕವಿಲ್ಲ.

ಆ ಉದ್ಯಾನದಲ್ಲಿಯೇ ಪೀಟರ್ ಪ್ಯಾನ್ ಎಂಬ ಬಾಲಕನ ಕಂಚಿನ ವಿಗ್ರಹವಿದೆ. ಆ ಕಥಾಪುರುಷನನ್ನು ಸೃಷ್ಟಿಸಿದ ಜೆ. ಎಂ. ಬ್ಯಾರಿಯು ಶಿಲ್ಪಿ ಜಾರ್ಜ್ ಫ್ರಾಂಪ್ಟನನಿಂದ ಅದನ್ನು ಮಾಡಿಸಿ, ಯಾವ ಸಮಾರಂಭವನ್ನೂ ನಡೆಸದೆ ಗುಟ್ಟಾಗಿ ನಿಲ್ಲಿಸಿದನು. 1912ನೆಯ ಮೇ ತಿಂಗಳ ಮೊದಲನೆಯ ತಾರೀಖಿನ ಬೆಳಗ್ಗೆ ಬಂದ ಮಕ್ಕಳಿಗೆ ರಾತ್ರಿ ಬೆಳಗಾಗುವುದರೊಳಗೆ ವಿಗ್ರಹವು ತಾನಾಗಿ ಮೂಡಿದಂತೆ ಕಂಡಿತು. ಅನಾವರಣೋತ್ಸವ, ಅಧ್ಯಕ್ಷಭಾಷಣ, ವಂದನಾರ್ಪಣೆಗಳಿಲ್ಲದೆ ಸ್ಥಾಪಿತವಾದ ವಿಗ್ರಹಗಳು ಲೋಕದಲ್ಲಿ ಎಷ್ಟಿರಬಹುದು! ಆ ಶಿಲ್ಪದ ಅಧಿಕಾರಿ ಯಾರೆಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಅನಂತರ ದೇಶವಿಚಾರ. 1933ರಲ್ಲಿ ಪ್ರಕಟವಾದ, ಹ್ಯಾರಿ ಬೆಕ್ ಎಂಬ ನಕ್ಷೆಗಾರನು ರಚಿಸಿದ ಸುರಂಗರೈಲಿನ ಚಿತ್ರವು ಆ ಶತಮಾನದ ಜಾಣ ರಚನೆಗಳಲ್ಲಿ ಒಂದು. ವಕ್ರವಾದ ದಾರಿಗಳನ್ನು ನೇರಗೊಳಿಸಿ, ಅಸಮವಾದ ದೂರಗಳನ್ನು ಸಮಗೊಳಿಸಿ, ಯಾವ ಗಾಡಿಯಿಂದ ಯಾವುದಕ್ಕೆ ಬದಲಾಗಬೇಕೆಂಬುದನ್ನು ಮಾತ್ರ ಅದು ಉಳಿಸಿತು. ಸೂತ್ರಶೈಲಿಯ ಗುಣವೂ ದೋಷವೂ ಅದರಲ್ಲಿ ಒಟ್ಟಿಗೆ ಇವೆ. ಲೆಸ್ಟರ್ ಸ್ಕ್ವೇರಿನಿಂದ ಕವೆಂಟ್ ಗಾರ್ಡನ್ನಿಗೆ ರೈಲಿನ ದಾರಿ ಸುಮಾರು 260 ಮೀಟರು ಮಾತ್ರ. ನಕ್ಷೆಯನ್ನು ನಂಬಿದವರು ಅದಕ್ಕಾಗಿ ನೆಲದೊಳಕ್ಕೆ ಇಳಿದು ಮತ್ತೆ ಮೇಲಕ್ಕೆ ಬರುವರು. ಕವೆಂಟ್ ಗಾರ್ಡನ್ನಿನಲ್ಲಿ ಲಿಫ್ಟಿನ ಮುಂದಿನ ಗುಂಪಿಗೆ ಬೇಸತ್ತು ಸುರುಳಿಮೆಟ್ಟಿಲನ್ನು ಹತ್ತಹೊರಟರೆ ಅವು 193. ಮೂರು ವರ್ಷದ ಮಗುವು ಮೂವತ್ತನೆಯದರಲ್ಲಿ ಕುಳಿತುಬಿಡುವುದು. ಮಿಕ್ಕ 163ನ್ನು ಮಗುವಿನ ಸಹಿತ ತಂದೆ ಹತ್ತುವನು. ಸೂತ್ರಕ್ಕೆ ಭಾಷ್ಯವು ಬೇಕಾಗುವುದು ಇಂತಹ ಕಡೆಗಳಲ್ಲಿ. ಎರಡು ಅಂತಸ್ತಿನ ಬಸ್ಸಿನ ಮಹಡಿಯ ಮುಂಭಾಗದ ಆಸನವು ಎಳೆಯರಿಗೆ ಸಿಂಹಾಸನಕ್ಕೆ ಸಮಾನ; ಸುರಂಗದಲ್ಲಿ ಕಾಣದ ನಗರವು ಅಲ್ಲಿ ಕಾಣುತ್ತದೆ. ಬಸ್ಸಿನಲ್ಲಿ 11 ವರ್ಷ ತುಂಬದವರಿಗೆ ಪ್ರಯಾಣವು ಉಚಿತ. ಸುರಂಗರೈಲಿನಲ್ಲಿಯೂ ಟಿಕೆಟು ಪಡೆದ ಹಿರಿಯರೊಬ್ಬರೊಡನೆ ಅಂತಹ ನಾಲ್ವರವರೆಗೆ ಉಚಿತವಾಗಿ ಹೋಗಬಹುದು. ಗ್ರೀನಿಚ್ಚಿಗೆ ಹೋಗುವವರಿಗೆ ಚಾಲಕನ ಕೋಣೆಯಿಲ್ಲದ ಡಾಕ್‌ಲ್ಯಾಂಡ್ಸ್ ರೈಲುಂಟು. 1987ರಲ್ಲಿ ಆರಂಭವಾದ ಈ ಗಾಡಿಯ ಮುಂದಿನ ಕಿಟಕಿಯ ಬಳಿ ಕುಳಿತ ಹುಡುಗನು ತಾನೇ ಗಾಡಿಯನ್ನು ನಡೆಸುತ್ತಿರುವೆನೆಂದು ಭಾವಿಸುವನು. ಗ್ರೀನಿಚ್ಚಿನ ರೇಖಾಂಶವು ಅವನಿಗೆ ಇನ್ನು ಹತ್ತು ವರ್ಷಗಳ ಮೇಲೆ ಬೇಕಾದೀತು.

ಆಹಾರದ ಮಾತು ಸಾಹಿತ್ಯಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರು ಮೂಗುಮುರಿಯಬಹುದು. ಆದರೆ ಸಾರು ಅನ್ನವಿಲ್ಲದೆ ಮೂರನೆಯ ದಿವಸ ಅಳುವ ಮಗುವಿನ ಮುಂದೆ ಯಾವ ವಾಸ್ತುಶಿಲ್ಪವೂ ನಿಲ್ಲಲಾರದು. ಅಡುಗೆಗೆ ಅನುಕೂಲವಿರುವ ಬಿಡಾರವನ್ನು ಹಿಡಿಯುವುದು ಎರಡು ನಕ್ಷತ್ರಗಳಿಗಿಂತ ಮೇಲು. ಬ್ರಿಟನ್ನಿನ ಕಟ್ಟಳೆಯು ಭಾರತದಿಂದ ಹಾಲಿನ ಪದಾರ್ಥಗಳನ್ನು ತರಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಶಿಶುಗಳ ಹಾಲುಪುಡಿಯಂತಹವಕ್ಕೆ ಕೆಲವು ನಿಬಂಧನೆಗಳ ಮೇಲೆ ವಿನಾಯಿತಿಯುಂಟು. ಅಜ್ಜಿಯು ಪ್ರೀತಿಯಿಂದ ಕಾಸಿಕೊಟ್ಟ ತುಪ್ಪದ ಡಬ್ಬಿಯು ಮನೆಯಲ್ಲಿಯೇ ಉಳಿಯಬೇಕಾದುದು ಅನಿವಾರ್ಯ.

ವಸ್ತುಸಂಗ್ರಹಾಲಯಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಮೂರು ದೊಡ್ಡ ಸಂಗ್ರಹಾಲಯಗಳು ಅಕ್ಕಪಕ್ಕದಲ್ಲಿಯೇ ಇದ್ದು, ಮೂರಕ್ಕೂ ಸಾಮಾನ್ಯ ಪ್ರವೇಶವು ಉಚಿತವಾಗಿದೆ. ಉಚಿತವೆಂಬುದರ ನಿಜವಾದ ಪ್ರಯೋಜನವನ್ನು ಪುಸ್ತಕಗಳು ಹೇಳುವುದಿಲ್ಲ. ಹಣ ಉಳಿಯುವುದು ಅಲ್ಪ ಪ್ರಯೋಜನ. ಅರ್ಧ ಗಂಟೆಯಲ್ಲಿ ಹೊರಗೆ ಬಂದರೂ ನಷ್ಟವಿಲ್ಲವೆಂಬುದೇ ಮಹಾಪ್ರಯೋಜನ. ಪ್ರಕೃತಿವಿಜ್ಞಾನದ ಸಂಗ್ರಹಾಲಯದ ಮಹಾಮಂಟಪದಲ್ಲಿ 2017ರಿಂದ ನೀಲತಿಮಿಂಗಿಲದ ಅಸ್ಥಿಪಂಜರವೊಂದು ತೂಗುತ್ತಿದೆ. ಅದರ ಉದ್ದ 25.2 ಮೀಟರು, 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡಿನ ತೀರಕ್ಕೆ ಬಂದು ಬಿದ್ದ ಪ್ರಾಣಿ ಅದು. ಅದರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ನೋಡಲು ಮಗುವು ಬಯಸಿದರೆ, ಒಂದು ದಿವಸದ ದರ್ಶನವು ಅಲ್ಲಿಗೆ ಸಂಪೂರ್ಣವಾಯಿತೆಂದು ತಿಳಿಯತಕ್ಕದ್ದು. ಮಿಕ್ಕ ಕೋಣೆಗಳನ್ನು ಎಳೆದಾಡಿ ತೋರಿಸುವುದು ಕಾವ್ಯದ ಒಂದು ಪದ್ಯಕ್ಕೆ ಮನಸೋತವನಿಗೆ ಸರ್ಗವನ್ನೆಲ್ಲ ಒಂದೇ ಉಸಿರಿಗೆ ಒದರಿದಂತೆ.

ಪಕ್ಕದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಕನ್ನಡನಾಡಿನ ಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ ವಸ್ತುವೊಂದುಂಟು. ಅದು ಟೀಪು ಸುಲ್ತಾನನ ಹುಲಿ. ಮರದ ಹುಲಿಯೊಂದು ಕೆಳಗೆ ಬಿದ್ದ ಐರೋಪ್ಯ ಮನುಷ್ಯನ ಮೇಲೆರಗಿ ಕೊರಳನ್ನು ಹಿಡಿದಿದೆ. ಒಳಗೆ ಯಂತ್ರವಿದ್ದು, ಹಿಡಿಕೆಯನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೆಕೆಳಗೆ ಆಡುತ್ತ ಆರ್ತನಾದವೂ ಹುಲಿಯ ಗರ್ಜನೆಯೂ ಹೊರಡುವಂತೆ ರಚನೆಯಾಗಿದೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅರಮನೆಯಿಂದ ಇದನ್ನು ತೆಗೆದುಕೊಂಡು ಹೋದರು. ಕಂಪೆನಿಯವರ ಲಂಡನ್ನಿನ ಕಟ್ಟಡದಲ್ಲಿ ಬಹುಕಾಲ ಪ್ರದರ್ಶಿತವಾಗಿದ್ದು, ಆ ಮೇಲೆ ಇಲ್ಲಿಗೆ ಬಂದಿತು. ಕಂಪೆನಿಯ ಕಾಲದಲ್ಲಿ ನೋಡಬಂದವರೇ ಹಿಡಿಕೆಯನ್ನು ತಿರುಗಿಸುತ್ತಿದ್ದರು. ಈಗ ಅದು ಗಾಜಿನ ಪೆಟ್ಟಿಗೆಯೊಳಗಿದೆ.

ಮಾರ್ಗದರ್ಶಿಗಳು ಇದನ್ನು ಮಕ್ಕಳಿಗೆ ಪ್ರಿಯವಾದ ವಿನೋದವಸ್ತುವೆಂದು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ. ಆದರೆ ಮೈಸೂರಿನ ಕಡೆಯಿಂದ ಬಂದ ಏಳು ವರ್ಷದ ಬಾಲಕಿಯು ಅದರ ಮುಂದೆ ನಿಂತು ಕೇಳತಕ್ಕ ಪ್ರಶ್ನೆಗಳು ವಿನೋದದವಲ್ಲ. ಇದು ಆಟಿಕೆಯೇ? ಆ ಮನುಷ್ಯನು ಸಾಯುವನೇ? ಶ್ರೀರಂಗಪಟ್ಟಣದ್ದು ಇಲ್ಲೇಕೆ ಇದೆ? ದುಡ್ಡು ಕೊಟ್ಟು ತಂದರೇ? ತಂದೆತಾಯಿಗಳಲ್ಲಿ ಕೆಲವರು ನಮ್ಮದೆಂಬ ಹೆಮ್ಮೆಯಿಂದ ಬೀಗಿ ಮೊದಲೆರಡು ಪ್ರಶ್ನೆಗಳನ್ನು ತಳ್ಳಿಬಿಡುವರು; ಕೆಲವರು ಸಂಕೋಚದಿಂದ ಕಡೆಯ ಎರಡನ್ನು ನುಂಗುವರು. ಯುದ್ಧದಲ್ಲಿ ಗೆದ್ದವರು ಸೋತವರ ಮನೆಯ ವಸ್ತುಗಳನ್ನು ಹಂಚಿಕೊಂಡರೆಂಬುದೂ, ಆ ವಸ್ತುವನ್ನು ಮಾಡಿಸಿದ ಅರಸನು ಶತ್ರುವಿನ ಮರಣವನ್ನು ಆಟವಾಗಿ ನೋಡಬಯಸಿದನೆಂಬುದೂ ಎರಡೂ ನಿಜ. ಎರಡನ್ನೂ ಏಳು ವರ್ಷದವಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವುದು ಸುಲಭವಲ್ಲ. ಆದುದರಿಂದಲೇ ಅದನ್ನು ಹೇಳಿಕೊಡುವ ಪುಸ್ತಕವು ಬೇಕು. ಈ ಒಂದು ಸ್ಥಳದಲ್ಲಿ ಮಾತು ತಪ್ಪಿದ ಮಾರ್ಗದರ್ಶಿಯು ಇತರ ನೂರು ಸ್ಥಳಗಳ ಸಮಯಪಟ್ಟಿಯನ್ನು ಸರಿಯಾಗಿ ಕೊಟ್ಟರೂ ಕನ್ನಡದ ಮನೆಗೆ ಅರೆಬರೆಯಾದುದೇ.

ಇಲ್ಲಿ ಪ್ರಬಲವಾದ ಪೂರ್ವಪಕ್ಷವೊಂದುಂಟು. ಇಷ್ಟು ದ್ರವ್ಯವನ್ನು ವ್ಯಯಿಸಿ, ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟು, ಪ್ರತ್ಯೇಕ ವೀಸಾಗಳನ್ನು ಸಂಪಾದಿಸಿ, ಸಮುದ್ರವನ್ನು ದಾಟಿ ಹೋಗುವುದು ಬಾತುಗಳನ್ನು ನೋಡುವುದಕ್ಕೋ? ಬಾತುಗಳು ಊರ ಕೆರೆಯಲ್ಲಿಲ್ಲವೇ? ಮೂರು ವರ್ಷದ ಮಗುವು ಕಂಡುದನ್ನು ಹೇಗೂ ಮರೆತುಬಿಡುವುದು. ಅದಕ್ಕಾಗಿ ಹಿರಿಯರು ತಮ್ಮ ನಕ್ಷತ್ರಗಳನ್ನೇಕೆ ಬಿಡಬೇಕು? ಈ ವಾದವನ್ನು ನಗೆಯಿಂದ ತಳ್ಳಿಹಾಕುವುದು ನ್ಯಾಯವಲ್ಲ. ಅತಿ ಎಳೆಯ ವಯಸ್ಸಿನ ಸಂಗತಿಗಳು ದೊಡ್ಡವರಾದ ಮೇಲೆ ನೆನಪಿನಲ್ಲಿ ನಿಲ್ಲುವುದಿಲ್ಲವೆಂಬುದು ಅನುಭವಸಿದ್ಧ. ಅದು ನಿಜವಾದರೆ ಪ್ರಯೋಜನವನ್ನು ಮೊದಲೇ ನೇರವಾಗಿ ಹೇಳಬೇಕಾಗುತ್ತದೆ. ಯಾತ್ರೆಯು ತಂದೆತಾಯಿಗಳಿಗಾಗಿ, ಮಗುವನ್ನು ಬಿಟ್ಟುಹೋಗಲಾರದೆ ಕರೆದೊಯ್ಯುವುದು. ಹಾಗೆಂದು ಒಪ್ಪಿಕೊಂಡಲ್ಲಿ ಯೋಜನೆಯು ಸರಳವಾಗುತ್ತದೆ. ಒಬ್ಬರು ಉದ್ಯಾನದಲ್ಲಿ, ಒಬ್ಬರು ಚಿತ್ರಶಾಲೆಯಲ್ಲಿ, ಮರುದಿನ ಅದಲುಬದಲು. ಮಗುವಿಗಾಗಿಯೇ ಇಷ್ಟೆಲ್ಲ ಎಂದು ಹೇಳಿಕೊಳ್ಳುತ್ತ ಮಗುವನ್ನು ಗೋಪುರದಿಂದ ಗೋಪುರಕ್ಕೆ ಎಳೆಯುವುದು, ಅದು ಅತ್ತಾಗ ಕೃತಘ್ನತೆಯೆಂದು ಗದರಿಸುವುದು, ಇದರಲ್ಲಿ ಅನ್ಯಾಯವಿದೆ. ಆರೇಳು ವರ್ಷದವರ ಮಾತಾದರೆ ಪೂರ್ವಪಕ್ಷವು ತಾನೇ ಬಿದ್ದುಹೋಗುತ್ತದೆ. ಅವರು ಮರೆಯುವುದಿಲ್ಲ. ಹಿರಿಯರು ನೆನಪಿಡಲೆಂದು ಬಯಸಿದುದನ್ನು ಬಿಟ್ಟು ಬೇರೊಂದನ್ನು ನೆನಪಿಡುವರು, ಅಷ್ಟೆ.

ಅವರನ್ನು ಸಿದ್ಧಗೊಳಿಸುವ ಉಪಾಯವಾದರೋ ಮಾರ್ಗದರ್ಶಿಯಲ್ಲಿಲ್ಲ, ಕಥೆಯಲ್ಲಿದೆ. ಮೈಕೆಲ್ ಬಾಂಡನು 1958ರಲ್ಲಿ ಪ್ರಕಟಿಸಿದ ಪ್ಯಾಡಿಂಗ್ಟನ್ ಕರಡಿಯ ಕಥೆಯನ್ನು ಹೊರಡುವ ಮೊದಲು ಓದಿಸಿಕೊಂಡ ಮಗುವಿಗೆ ಪ್ಯಾಡಿಂಗ್ಟನ್ ರೈಲುನಿಲ್ದಾಣವು ಗೊತ್ತಿದ್ದ ಊರಿನಂತೆ ಕಾಣುವುದು. ಅಲ್ಲಿ ಕರಡಿಯ ಕಂಚಿನ ಪ್ರತಿಮೆಯೂ ಇದೆ. ದೂರದ ಪೆರು ದೇಶದಿಂದ ಒಂಟಿಯಾಗಿ ಬಂದಿಳಿದ ಆ ಕರಡಿಮರಿಯ ಕೊರಳಿನಲ್ಲಿ, ನೋಡಿದವರು ಕಾಪಾಡಬೇಕೆಂಬ ಪ್ರಾರ್ಥನೆಯ ಚೀಟಿಯಿರುತ್ತದೆ. ಯುದ್ಧಕಾಲದಲ್ಲಿ ಲಂಡನ್ನಿನಿಂದ ಹಳ್ಳಿಗಳಿಗೆ ಕಳುಹಿಸಲ್ಪಟ್ಟ ಮಕ್ಕಳು ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡಿದ್ದುದರ ನೆನಪು ಗ್ರಂಥಕರ್ತನ ಮನಸ್ಸಿನಲ್ಲಿತ್ತು. ಪರಸ್ಥಳದ ಜನಸಂದಣಿಯಲ್ಲಿ ಬಿಡಾರದ ವಿಳಾಸವನ್ನೂ ತಂದೆಯ ದೂರವಾಣಿಯ ಸಂಖ್ಯೆಯನ್ನೂ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಡುವುದು ವಿವೇಕವೆಂಬುದನ್ನು ಈ ಕಥೆಯು ಹೆದರಿಸದೆ ಕಲಿಸುತ್ತದೆ. ಮಗುವು ತನ್ನನ್ನು ಕರಡಿಯೆಂದು ಭಾವಿಸಿ ಸಂತೋಷದಿಂದಲೇ ಚೀಟಿಯನ್ನು ಇಟ್ಟುಕೊಳ್ಳುವುದು.

ಶಾಶೆಕನ ಪುಸ್ತಕವನ್ನು ಕನ್ನಡಕ್ಕೆ ಭಾಷಾಂತರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಅವನು ಕಂಡ ಆಶ್ಚರ್ಯಗಳು ಐರೋಪ್ಯ ಬಾಲಕನವು. ವಾಹನಗಳು ರಸ್ತೆಯ ಎಡಗಡೆಯಲ್ಲಿ ಚಲಿಸುವುದು ಪ್ಯಾರಿಸಿನ ಹುಡುಗನಿಗೆ ವಿಚಿತ್ರ. ಧಾರವಾಡದ ಹುಡುಗಿಗೆ ಅದು ನಿತ್ಯದ ನೋಟ. ಅವಳಿಗೆ ವಿಚಿತ್ರವಾದುವು ಬೇರೆ. ಹಾರನ್ನಿನ ಶಬ್ದವಿಲ್ಲದ ಬೀದಿ. ಚಲಿಸುವ ಮೆಟ್ಟಿಲಿನ ಮೇಲೆ ಎಲ್ಲರೂ ಬಲಗಡೆಗೆ ಸಾಲಾಗಿ ನಿಂತಿರುವುದು. ಹಸುವಿಲ್ಲದ, ಹೂವಾಡಗಿತ್ತಿಯಿಲ್ಲದ ಪೇಟೆ. ಎಲ್ಲಕ್ಕಿಂತ ಮಿಗಿಲಾಗಿ, ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಮುಳುಗದ ಸೂರ್ಯ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರತಕ್ಕದ್ದೆಂಬ ಕಟ್ಟಳೆಯಲ್ಲಿ ಬೆಳೆದವಳು, ಬಿಸಿಲಿರುವಾಗಲೇ ಮಲಗೆಂದು ಹೇಳುವ ತಾಯಿಯನ್ನು ಹೇಗೆ ನಂಬಬೇಕು? ಕನ್ನಡದಲ್ಲಿ ಎಳೆಯರಿಗಾಗಿ ಲಂಡನ್ನಿನ ಪುಸ್ತಕವನ್ನು ಬರೆಯಹೊರಟವರಿಗೆ ಮೊದಲ ಪುಟಕ್ಕೆ ಮಂಜು ಬೇಡ. ಕಿಟಕಿಯ ಪರದೆಯನ್ನು ಎಳೆದಷ್ಟೂ ಅಂಚಿನಿಂದ ಒಳಗೆ ಬರುವ ರಾತ್ರಿ ಒಂಬತ್ತರ ಬಿಸಿಲು, ಹಾಸಿಗೆಯ ಮೇಲೆ ಎದ್ದು ಕುಳಿತು ಅದನ್ನು ನೋಡುತ್ತಿರುವ ಇಬ್ಬರು ಮಕ್ಕಳು, ಇಷ್ಟಿದ್ದರೆ ಸಾಕು.